ಕೆಂಪು ಚುಕ್ಕಿ ಬೆಂಕಿಯದು, ಹೊಗೆಯದಲ್ಲ

ಪ್ರಶ್ನೆ: ನಾವು ಬೆಳಗಾವಿಯವರು. ಫೆಬ್ರವರಿ ಕೊನೆಗೆ ಎರಡು ದಿನ ಬೆಳಿಗ್ಗೆ ಎದ್ದು ನೋಡಿದರೆ ಓಣಿ ತುಂಬಾ ಹೊಗೆ, ಸುಟ್ಟ ವಾಸನೆ. ಹತ್ತು ಹನ್ನೊಂದು ಗಂಟೆಗೆ ತಾನಾಗಿ ಕರಗಿತು. ಖಾನಾಪುರದ ಕಾಡಿಗೆ ಬೆಂಕಿ ಬಿದ್ದಿದೆ ಅಂತ ಕೆಲವರು ಹೇಳಿದರು. ಇಲ್ಲ, ಕಬ್ಬಿನ ರವದಿ (ಕಟಾವಿನ ಮೇಲೆ ಉಳಿದ ಒಣ ಎಲೆ) ಸುಟ್ಟಿದ್ದು ಅಂತ ಇನ್ನು ಕೆಲವರು. ಗೆಳೆಯನೊಬ್ಬ ಫೋನಿನಲ್ಲಿ ಉಪಗ್ರಹದ ನಕ್ಷೆ ತೋರಿಸಿದ. ಖಾನಾಪುರದ ಕಡೆ ನಾಲ್ಕೈದು ಕೆಂಪು ಚುಕ್ಕಿ ಇದ್ದವು, ನಮ್ಮ ಊರ ಮೇಲೆ ಒಂದೂ ಇರಲಿಲ್ಲ. ಹಾಗಾದರೆ ನಮ್ಮಲ್ಲಿ ಹೊಗೆಯೇ ಇರಲಿಲ್ಲ ಅಂತಾನಾ? ಹೊಗೆ ಎಲ್ಲಿಂದ ಹೊರಟಿತು, ಎತ್ತ ಹೋಯಿತು ಅಂತ ಉಪಗ್ರಹದ ಚಿತ್ರ ನೋಡಿ ನಮ್ಮಂಥವರು ತಿಳಿಯಬಹುದಾ? ಅವ್ವನಿಗೆ ದಮ್ಮು ಇದೆ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಬೆಳಗಾವಿ

ಉತ್ತರ: ತಿಳಿಯಬಹುದು. ದುಡ್ಡು ಕೊಡಬೇಕಿಲ್ಲ, ದೊಡ್ಡ ಕಂಪ್ಯೂಟರೂ ಬೇಡ. ಆದರೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಮ್ಮ ಗೆಳೆಯರು ತೋರಿಸಿದ್ದು ಹೊಗೆಯ ನಕ್ಷೆ ಅಲ್ಲ, ಬೆಂಕಿಯ ನಕ್ಷೆ. ಬೆಂಕಿ ಎಲ್ಲಿ ಉರಿಯಿತು ಅನ್ನುವುದು ಒಂದು ಪ್ರಶ್ನೆ. ಅದರ ಹೊಗೆ ಎತ್ತ ಹೋಯಿತು ಅನ್ನುವುದು ಇನ್ನೊಂದು. ನಿಮ್ಮ ಅವ್ವನ ಎದೆಗೆ ಎಷ್ಟು ಇಳಿಯಿತು ಅನ್ನುವುದು ಮೂರನೆಯದು. ಮೂರಕ್ಕೂ ಒಂದೇ ನಕ್ಷೆಯಲ್ಲಿ ಉತ್ತರ ಹುಡುಕಿದರೆ ದಾರಿ ತಪ್ಪುತ್ತೇವೆ. ಈ ಚಿತ್ರಗಳ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ನಾನೂ ಶುರುವಿಗೆ ಇದೇ ತಪ್ಪು ಮಾಡಿದವನೇ. ಅದನ್ನು ಆಮೇಲೆ ಹೇಳುತ್ತೇನೆ.

ಆ ಚುಕ್ಕಿಗಳು ಸಾಮಾನ್ಯವಾಗಿ ಬರುವುದು ನಾಸಾದ ‘ಫರ್ಮ್ಸ್’ ಎಂಬ ನಕ್ಷೆಯಿಂದ. ಉಪಗ್ರಹದ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನೂ ಅಳೆಯುತ್ತದೆ. ಸುಮಾರು 4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಲೆಯುದ್ದದಲ್ಲಿ ನೋಡಿದರೆ ಉರಿಯುವ ಬೆಂಕಿ ಸುತ್ತಲಿನ ನೆಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹೊಳೆಯುತ್ತದೆ. 11 ಮೈಕ್ರಾನಿನಲ್ಲಿ ಅಷ್ಟು ಹೊಳೆಯುವುದಿಲ್ಲ. ಎರಡನ್ನೂ ಹೋಲಿಸಿ, ಅಕ್ಕಪಕ್ಕದ ನೆಲದ ಜೊತೆ ತಾಳೆ ನೋಡಿ, ಇಲ್ಲಿ ಬೆಂಕಿ ಇರಬೇಕು ಅನ್ನಿಸಿದ ಕಡೆ ಕಂಪ್ಯೂಟರ್ ಒಂದು ಚುಕ್ಕಿ ಇಡುತ್ತದೆ. ಅಷ್ಟೇ. ಈ ಲೆಕ್ಕ ಹುಡುಕುವುದು ಕಾವನ್ನು, ಹೊಗೆಯನ್ನಲ್ಲ. ನಿಮ್ಮ ಊರ ಮೇಲೆ ಹೊಗೆ ಹಾಸಿಕೊಂಡು ಮಲಗಿದ್ದರೂ ಅಲ್ಲಿ ಚುಕ್ಕಿ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಬೆಂಕಿ ಇಲ್ಲ.

ಚುಕ್ಕಿ ಅಂದರೆ ಎಷ್ಟು ಜಾಗ? ಇದನ್ನು ನಮ್ಮ ಎಕರೆ ಲೆಕ್ಕದಲ್ಲಿ ಹೇಳಿದರೆ ಸಲೀಸು. ಈಗ ಹೆಚ್ಚು ಬಳಕೆಯಲ್ಲಿರುವುದು ‘ವಿಯರ್ಸ್’ ಎಂಬ ಕ್ಯಾಮೆರಾ. ಅದು ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಎಂಬ ಮೂರು ಉಪಗ್ರಹಗಳಲ್ಲಿದೆ. ಅದರ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಬಿಂದು, ನೆಲದ ಮೇಲೆ 375 ಮೀಟರಿನ ಚೌಕ, ಅಂದರೆ ಹತ್ತಿರ ಹತ್ತಿರ 35 ಎಕರೆ. ಇದಕ್ಕಿಂತ ಹಳೆಯ ‘ಮೋಡಿಸ್’ ಕ್ಯಾಮೆರಾದ್ದು 1 ಕಿಲೋಮೀಟರ್ ಚೌಕ, ಸುಮಾರು 247 ಎಕರೆ. ಚುಕ್ಕಿ ಇಡುವುದು ಆ ಚೌಕದ ನಡುವೆ. ಬೆಂಕಿ ಅದರ ಯಾವ ಮೂಲೆಯಲ್ಲಾದರೂ ಇರಬಹುದು, ಒಂದೇ ಎಕರೆಯಲ್ಲೂ ಇರಬಹುದು. ‘35 ಎಕರೆ ಕಾಡು ಸುಟ್ಟುಹೋಯಿತು’ ಅಂತ ಯಾರಾದರೂ ಚುಕ್ಕಿ ಎಣಿಸಿ ಹೇಳಿದರೆ ನಂಬಬೇಡಿ. ಇನ್ನೊಂದು ಮಾತು. ಸಿಮೆಂಟ್ ಕಾರ್ಖಾನೆ, ಇಟ್ಟಿಗೆ ಭಟ್ಟಿ, ಮಟಮಟ ಮಧ್ಯಾಹ್ನ ಬಿಸಿಲಿಗೆ ಹೊಳೆಯುವ ದೊಡ್ಡ ತಗಡಿನ ಚಾವಣಿ, ಇವೂ ಒಮ್ಮೊಮ್ಮೆ ಚುಕ್ಕಿಯಾಗಿ ಬರುತ್ತವೆ. ಒಂದೇ ಜಾಗದಲ್ಲಿ ವರ್ಷವಿಡೀ ಚುಕ್ಕಿ ಬೀಳುತ್ತಿದ್ದರೆ ಅದು ಕಾಡಿನ ಬೆಂಕಿ ಆಗಿರಲಾರದು, ಅಲ್ವಾ?

ಈಗ ನನ್ನ ತಪ್ಪಿನ ಕತೆ. ಹಲವು ವರ್ಷಗಳ ಹಿಂದೆ ಮುಧೋಳ ತಾಲೂಕಿನಲ್ಲಿ ಕಬ್ಬು ಕಟಾವಿನ ಕಾಲದ ಹೊಗೆಯ ಲೆಕ್ಕ ಹಾಕುತ್ತಿದ್ದೆ. ದಿನಕ್ಕೆ ಎಷ್ಟು ಚುಕ್ಕಿ, ಅಷ್ಟು ಹೊಗೆ ಅಂತ ನನ್ನ ಹಾಳೆ. ಒಂದು ದಿನ ಇಡೀ ತಾಲೂಕಿನಲ್ಲಿ ಎರಡೇ ಚುಕ್ಕಿ. ಇವತ್ತು ಗಾಳಿ ಚೊಕ್ಕ ಅಂದುಕೊಂಡೆ. ಆ ಎರಡರಲ್ಲಿ ಒಂದನ್ನಾದರೂ ಕಣ್ಣಾರೆ ನೋಡೋಣ ಅಂತ ಸಂಜೆ ಬೈಕ್ ಹತ್ತಿ ಹೊರಟೆ. ಸೂರ್ಯ ಇಳಿಯುತ್ತಿದ್ದ. ಘಟಪ್ರಭೆಯ ದಂಡೆಯ ಹೊಲಗಳಲ್ಲಿ ಎತ್ತ ನೋಡಿದರೂ ಹೊಗೆಯ ಕಂಬ. ನಿಂತಲ್ಲಿಂದಲೇ ಹದಿನೇಳು ಎಣಿಸಿದೆ. ರವದಿಗೆ ಬೆಂಕಿ ಹಚ್ಚಿ ಬದುವಿನ ಮೇಲೆ ಹಸಿ ಟೊಂಗೆ ಹಿಡಿದು ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದೆ:

“ಕಾಕಾ, ದಿನಾ ಇದ ಹೊತ್ತಿಗೇ ಹಚ್ಚತೀರೇನ್ರಿ?”

“ಮತ್ತ? ಮಧ್ಯಾಹ್ನ ಗಾಳಿ ಬಿಟ್ಟಾಗ ಹಚ್ಚಿದ್ರ ಬಾಜೂ ಹೊಲದವರ ಕಬ್ಬಿಗೆ ಹತ್ತೂದಿಲ್ಲೇನು, ತಮ್ಮಾ? ಸಂಜೀಕ ಗಾಳಿ ನಿಂತಿರತದ. ಅರ್ಧಾ ತಾಸಿನ್ಯಾಗ ಎಲ್ಲಾ ಮುಗದ ಹೋಗತದ.”

ಅಲ್ಲಿಗೆ ನನ್ನ ಹಾಳೆಯ ಬಣ್ಣ ಬಯಲಾಯಿತು. ವಿಯರ್ಸ್ ಇರುವ ಉಪಗ್ರಹಗಳು ನಮ್ಮ ತಲೆಯ ಮೇಲೆ ದಾಟುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಕಾಕಾ ಹಚ್ಚುವುದು ಸಂಜೆ ಆರೂವರೆಗೆ, ಏಳಕ್ಕೆ ಆರಿಹೋಗುತ್ತದೆ. ಹದಿನೇಳು ಹೊಲದ ಬೆಂಕಿಯಲ್ಲಿ ಒಂದೂ ಮರುದಿನದ ನಕ್ಷೆಯಲ್ಲಿ ಇರಲಿಲ್ಲ. ಪಂಜಾಬಿನ ಭತ್ತದ ಕೂಳೆಯ ವಿಷಯದಲ್ಲೂ 2024ರಲ್ಲಿ ಇದೇ ಮಾತು ದೊಡ್ಡ ಸುದ್ದಿಯಾಯಿತು. ಚುಕ್ಕಿಗಳು ಕಮ್ಮಿಯಾಗಿವೆ, ಸುಡುವುದು ನಿಂತಿದೆ ಅಂತ ಎಲ್ಲರೂ ಖುಷಿಪಡುವಾಗ, ನಾಸಾದ ವಿಜ್ಞಾನಿ ಹಿರೇನ್ ಜೇಠ್ವಾ ಕೊರಿಯಾದ ಉಪಗ್ರಹವೊಂದರ ಚಿತ್ರಗಳನ್ನು ಮುಂದಿಟ್ಟು, ಸುಡುವ ಹೊತ್ತು ಮಧ್ಯಾಹ್ನದಿಂದ ಸಂಜೆಯ ಕಡೆಗೆ ಸರಿದಿದೆ ಎಂದು ತೋರಿಸಿದರು. ಆ ಕೊರಿಯಾದ ಉಪಗ್ರಹ ಒಂದೇ ಜಾಗದಲ್ಲಿ ನಿಂತು ದಿನವಿಡೀ ನೋಡುವಂಥದ್ದು.

ಹಾಗಾಗಿ ಚುಕ್ಕಿ ಇಲ್ಲ ಅಂದರೆ ಬೆಂಕಿ ಇಲ್ಲ ಅಂತ ಅರ್ಥವಲ್ಲ. ಕಾಡಿನಲ್ಲೂ ಹೀಗೇ. ಖಾನಾಪುರದ ಕಡೆ ಬೇಸಿಗೆಯಲ್ಲಿ ಹತ್ತುವುದು ಹೆಚ್ಚಾಗಿ ನೆಲದ ಬೆಂಕಿ. ಒಣ ಹುಲ್ಲು, ಉದುರಿದ ತರಗೆಲೆ ಉರಿಯುತ್ತದೆ, ಮರ ನಿಂತಿರುತ್ತದೆ. ಮೇಲೆ ಹಸಿರು ದಟ್ಟವಾಗಿದ್ದರೆ ಆ ಕಾವು ಎಷ್ಟೋ ಸಲ ಉಪಗ್ರಹಕ್ಕೆ ತಲುಪುವುದೇ ಇಲ್ಲ. ಇನ್ನೂ ಒಂದು ವಿಚಿತ್ರ ಇದೆ. ಧಗಧಗ ಉರಿಯುವ ಬೆಂಕಿಗೆ ಕಾವು ಜಾಸ್ತಿ, ಆದರೆ ಸುಡುವ ಒಂದೊಂದು ಕಿಲೋಗೆ ಲೆಕ್ಕ ಹಾಕಿದರೆ ಹೊಗೆ ಕಮ್ಮಿ. ಬೂದಿ ಮುಚ್ಚಿದ ಕೆಂಡದ ಹಾಗೆ ರಾತ್ರಿಯಿಡೀ ಒಳಗೊಳಗೇ ಸುಡುವ ಬೊಡ್ಡೆ, ಹಸಿ ರವದಿ, ಸಗಣಿ ಗುಂಡಿ, ಇವಕ್ಕೆ ಕಾವು ಕಮ್ಮಿ, ಹೊಗೆ ಜಾಸ್ತಿ. ಒಲೆ ಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಟ್ಟಿಗೆ ಹಸಿಯಿದ್ದಾಗಲೇ ಕಣ್ಣುರಿ.

ಸರಿ, ಹೊಗೆಯನ್ನೇ ನೋಡುವುದು ಹೇಗೆ?

ನಾಸಾದ್ದೇ ‘ವರ್ಲ್ಡ್‌ವ್ಯೂ’ ಅಂತ ಇನ್ನೊಂದು ತಾಣ ಇದೆ. ಅಲ್ಲಿ ಪ್ರತಿದಿನದ ಬಣ್ಣದ ಚಿತ್ರ ಸಿಗುತ್ತದೆ, ಮೇಲಿನಿಂದ ಫೋಟೋ ತೆಗೆದ ಹಾಗೆ. 2000ನೇ ಇಸವಿಯ ಆರಂಭದಿಂದ ಹಿಡಿದು ಇವತ್ತಿನವರೆಗೆ ಬೇಕಾದ ದಿನವನ್ನು ತೆಗೆದು ನೋಡಬಹುದು. ದಿನಾಂಕ ಹಾಕಿ, ಬೆಳಗಾವಿಯ ಮೇಲೆ ತಂದು ನಿಲ್ಲಿಸಿ. ಮೊದಲು ಚುಕ್ಕಿಗಳ ಪದರ ಹಾಕಬೇಡಿ. ಬರೀ ಚಿತ್ರ ನೋಡಿ. ಚುಕ್ಕಿ ಕಂಡ ಮೇಲೆ ಕಣ್ಣು ಅದರ ಸುತ್ತಲೇ ಹೊಗೆ ಹುಡುಕುತ್ತದೆ, ಇಲ್ಲದ ಹೊಗೆಯೂ ಕಾಣುತ್ತದೆ!

ಹೊಸ ಹೊಗೆಗೆ ಬಾಲ ಇರುತ್ತದೆ. ಬೆಂಕಿಯ ಹತ್ತಿರ ಸಣ್ಣಗೆ, ಚೂಪಾಗಿ ಶುರುವಾಗಿ, ಗಾಳಿ ಹೋದ ಕಡೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಚೂಪು ತುದಿ ಹಿಡಿದು ಹಿಂದಕ್ಕೆ ಹೋದರೆ ಬೆಂಕಿ, ಅಗಲದ ಕಡೆ ಹೋದರೆ ಊರು. ಬಣ್ಣ ಬೂದಿ ಬೆರೆತ ನೀಲಿ, ಅದರ ಮೂಲಕ ಕೆಳಗಿನ ಹೊಲ-ಕೆರೆ ಮಸುಕಾಗಿ ಕಾಣುತ್ತದೆ. ಮೋಡ ಹಾಗಲ್ಲ. ಅದು ಬಿಳಿ, ಅಂಚು ಗಟ್ಟಿ, ಪಕ್ಕದಲ್ಲಿ ನೆರಳು ಬಿದ್ದಿರುತ್ತದೆ. ಚಳಿಗಾಲದ ಮಂಜೂ ಬಿಳಿಯೇ, ಆದರೆ ತಗ್ಗನ್ನು ಬಿಟ್ಟು ಕದಲುವುದಿಲ್ಲ. ಆಲಮಟ್ಟಿಯ ಹಿನ್ನೀರಿನ ಮೇಲೆ ಬೆಳಗಿನ ಚಿತ್ರದಲ್ಲಿ ಮಂಜು ಕಂಡರೆ ಅದರ ಅಂಚು ಕೃಷ್ಣೆಯ ತಿರುವನ್ನೇ ಬರೆದಂತಿರುತ್ತದೆ. ಏಪ್ರಿಲ್-ಮೇ ತಿಂಗಳ ಧೂಳು ಕಂದು. ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಕೆಲಸ ಆಯಿತು.

ಕೆಳಗಿನ ನೆಲದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ತೆಳು ಹೊಗೆ ಕಪ್ಪು ನೆಲದ ಮೇಲೆ ಚೆನ್ನಾಗಿ ಕಾಣುತ್ತದೆ, ಬಿಳಿಚಿದ ನೆಲದ ಮೇಲೆ ಕಾಣುವುದಿಲ್ಲ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನ ಮೇಲೆ, ವಿಜಯಪುರದ ಡೋಣಿ ಸಾಲಿನ ಎರೆಭೂಮಿಯ ಮೇಲೆ, ಗೋವಾದಾಚೆ ಸಮುದ್ರದ ಮೇಲೆ ಹೊಗೆ ಎದ್ದು ಕಾಣುತ್ತದೆ. ಅದೇ ಹೊಗೆ ಜೋಳ ಕೊಯ್ದು ಒಣಗಿದ ಹೊಲಗಳ ಮೇಲೆ ಬಂದಾಗ ಮಾಯವಾದಂತೆ ಅನ್ನಿಸುತ್ತದೆ. ಮಾಯ ಆಗಿರುವುದಿಲ್ಲ, ಹಿನ್ನೆಲೆಯಲ್ಲಿ ಬೆರೆತಿರುತ್ತದೆ ಅಷ್ಟೆ.

ಒಂದು ಉಪಾಯ ನನಗೆ ತುಂಬಾ ಇಷ್ಟ. ಹೊಗೆಯ ಕಣ ಬಹಳ ಸಣ್ಣದು, ಬಹುಪಾಲು ಒಂದು ಮೈಕ್ರಾನಿಗಿಂತ ಕಮ್ಮಿ. ಮೋಡದ ಹನಿ ಹತ್ತು ಮೈಕ್ರಾನಿನಷ್ಟು. ಎರಡು ಮೈಕ್ರಾನ್ ಚಿಲ್ಲರೆ ಅಲೆಯುದ್ದದ ಅತಿಗೆಂಪು ಬೆಳಕು ಹೊಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದಾಟುತ್ತದೆ, ಹೊಳೆಯ ದೊಡ್ಡ ಅಲೆ ದಂಡೆಯ ಜೊಂಡಿನ ನಡುವೆ ಹಾದುಹೋಗುವ ಹಾಗೆ. ಮೋಡದ ಎದುರು ಮಾತ್ರ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಒಂದೇ ಹೊತ್ತಿನ ಎರಡು ಚಿತ್ರ ಪಕ್ಕಪಕ್ಕ ಇಡಿ. ಬಣ್ಣದ ಚಿತ್ರದಲ್ಲಿ ಇದ್ದ ಬಿಳಿ ಪರದೆ ಅತಿಗೆಂಪು ಚಿತ್ರದಲ್ಲಿ ಕಾಣೆಯಾದರೆ ಅದು ಹೊಗೆ. ಅಲ್ಲೇ ಕೂತಿದ್ದರೆ ಮೋಡ ಅಥವಾ ಮಂಜು. ಹೊಗೆಯ ಅಡಿಯಲ್ಲಿ ಬೆಂಕಿಯ ಸಾಲು ಗೆರೆ ಎಳೆದಂತೆ ಕಾಣುವುದೂ ಈ ಚಿತ್ರದಲ್ಲೇ.

ಅಭ್ಯಾಸಕ್ಕೆ 2023ರ ಮಾರ್ಚ್ 5ರಿಂದ ಒಂದು ವಾರದ ಚಿತ್ರಗಳನ್ನು ತೆಗೆದು ನೋಡಿ. ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಬೆಂಕಿ ಎದ್ದು, ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದ ದಿನಗಳವು. ಆ ಕಾಡಿಗೆ ತಾಗಿಕೊಂಡೇ ನಮ್ಮ ಭೀಮಗಡ ಇದೆ. ಬೆಂಕಿಗೆ ರಾಜ್ಯದ ಗಡಿ ಗೊತ್ತಿಲ್ಲ ನೋಡಿ, ಹೊಗೆಗಂತೂ ಮೊದಲೇ ಇಲ್ಲ.

ಆದರೆ ಇವೆಲ್ಲ ದಿನಕ್ಕೆ ಒಂದೋ ಎರಡೋ ಬಾರಿ ದಾಟುವ ಉಪಗ್ರಹಗಳು. ನೆಲದಿಂದ ಸುಮಾರು 700–830 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಚಿತ್ರ ಸ್ಪಷ್ಟ, ಆದರೆ ಹೊಗೆ ಚಲಿಸುವುದು ತಿಳಿಯುವುದಿಲ್ಲ. ಚಲನೆ ನೋಡಬೇಕಾದರೆ ಒಂದೇ ಕಡೆ ನಿಂತು ನೋಡುವ ಉಪಗ್ರಹ ಬೇಕು. ಅದಕ್ಕೆ ನಮ್ಮ ಇನ್ಸಾಟ್ ಇದೆ. 2016ರ ಸೆಪ್ಟೆಂಬರಿನಲ್ಲಿ ಹಾರಿದ ಇನ್ಸಾಟ್-3ಡಿಆರ್ ಭೂಮಧ್ಯರೇಖೆಯ ಮೇಲೆ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಬೆಳಗಾವಿ ಇರುವುದು 74.5 ಡಿಗ್ರಿಯಲ್ಲಿ. ಅಂದರೆ ನೀವು ಮಾಳಿಗೆ ಹತ್ತಿ ನೇರ ದಕ್ಷಿಣಕ್ಕೆ ಮುಖ ಮಾಡಿ ಮೇಲೆ ನೋಡಿದರೆ ಹೆಚ್ಚು ಕಮ್ಮಿ ಅದರ ಕಣ್ಣಲ್ಲೇ ಕಣ್ಣಿಟ್ಟ ಹಾಗೆ. ಕಾಣುವುದಿಲ್ಲ ಬಿಡಿ. 2024ರ ಫೆಬ್ರವರಿಯಲ್ಲಿ ಇದರ ಜೊತೆಗೆ ಇನ್ಸಾಟ್-3ಡಿಎಸ್ ಕೂಡ ಹೋಯಿತು. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಆ ಚಿತ್ರಗಳು ಹವಾಮಾನ ಇಲಾಖೆಯ ತಾಣದಲ್ಲೂ, ಇಸ್ರೋದ ‘ಮೋಸ್ಡ್ಯಾಕ್’ ತಾಣದಲ್ಲೂ ಸಿಗುತ್ತವೆ.

ಹೊಗೆಯ ವೇಗ ಅಳೆಯುವುದು ಮಕ್ಕಳ ಲೆಕ್ಕ. ಅರ್ಧ ಗಂಟೆ ಅಂತರದ ಎರಡು ಚಿತ್ರಗಳಲ್ಲಿ ಹೊಗೆಯ ಮುಂದಿನ ಅಂಚು 8 ಕಿಲೋಮೀಟರ್ ಸರಿದಿದ್ದರೆ ಗಂಟೆಗೆ 16 ಕಿಲೋಮೀಟರ್. ಘಟ್ಟದ ಅಂಚಿನ ಕಣಕುಂಬಿಯಿಂದ ಬೆಳಗಾವಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಇರಬೇಕು. ಎರಡು ತಾಸು ಚಿಲ್ಲರೆಯಲ್ಲಿ ಹೊಗೆ ಬಂತು. ಬೇಸಿಗೆ ಶುರುವಾದಾಗ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಘಟ್ಟ ಹತ್ತಿ ಬೆಳಗಾವಿಯ ಕಡೆ ಬೀಸುವುದುಂಟು. ಆ ಹೊತ್ತಿನಲ್ಲಿ ಘಟ್ಟದ ಬೆಂಕಿಯ ಹೊಗೆ ನಿಮ್ಮ ಕಡೆ ಬರುವುದು ಸಹಜ. ಆದರೆ ಹಗಲ ಬೆಳಕಿನಲ್ಲಿ ನೋಡುವ ಇನ್ಸಾಟಿನ ಕಣ್ಣಿಗೆ 1 ಕಿಲೋಮೀಟರಿಗಿಂತ ಸಣ್ಣದು ಕಾಣದು. ಹೊಲದ ಹೊಗೆಯ ಕಂಬ ಅದಕ್ಕೆ ಸಿಗುವುದಿಲ್ಲ. ದೊಡ್ಡ ಕಾಡ್ಗಿಚ್ಚಿನ ಹೊಗೆ ಸಿಗುತ್ತದೆ. ಒಂದು ಗುಟ್ಟು ಹೇಳಿಬಿಡುತ್ತೇನೆ: ಬೆಳಿಗ್ಗೆ ಮತ್ತು ಸಂಜೆ, ಸೂರ್ಯ ಓರೆಯಾಗಿದ್ದಾಗಿನ ಚಿತ್ರಗಳನ್ನೇ ನೋಡಿ. ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಕೋಣೆಯ ಧೂಳು ಹೊಳೆಯುತ್ತದಲ್ಲ, ಹಾಗೆ ತೆಳು ಹೊಗೆಯೂ ಆಗ ಹೊಳೆಯುತ್ತದೆ. ನಡು ಮಧ್ಯಾಹ್ನ ಅದೇ ಹೊಗೆ ಕಣ್ಣಿಗೆ ಬೀಳುವುದಿಲ್ಲ.

ರಾತ್ರಿ ಮಾತ್ರ ಹೊಗೆಯ ಮಟ್ಟಿಗೆ ಉಪಗ್ರಹಗಳು ಹೆಚ್ಚು ಕಮ್ಮಿ ಕುರುಡು. ಬೆಂಕಿಯ ಕಾವು ಕಾಣುತ್ತದೆ, ಹೊಗೆ ಕಾಣುವುದಿಲ್ಲ. ವಿಯರ್ಸ್‌ನಲ್ಲಿ ಮಂದ ಬೆಳಕಿಗೂ ಚಿತ್ರ ತೆಗೆಯುವ ಒಂದು ವಿಶೇಷ ಕಣ್ಣು ಇದೆ. ಹುಣ್ಣಿಮೆಯ ಹತ್ತಿರ ಬೆಳದಿಂಗಳಲ್ಲೇ ಅದು ದಟ್ಟ ಹೊಗೆಯನ್ನು ಹಿಡಿಯಬಲ್ಲದು. ಅಮಾವಾಸ್ಯೆಗೆ ಅದೂ ಇಲ್ಲ.

ಈ ರಾತ್ರಿಯ ಕುರುಡೇ ನಿಮ್ಮ ಪ್ರಶ್ನೆಯ ಗಂಟು. ನಿಮ್ಮ ಊರಲ್ಲಿ ಹೊಗೆ ಕಂಡಿದ್ದು ಬೆಳಿಗ್ಗೆ. ಹತ್ತು ಹನ್ನೊಂದಕ್ಕೆ ಕರಗಿದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮನೆಗಳನ್ನು ನೆನಪಿಸಿಕೊಳ್ಳಿ. ಅಡುಗೆ ಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇರುತ್ತಿತ್ತು. ಒಲೆಯ ಹೊಗೆ ಅದರಿಂದ ಹೋಗುತ್ತಿತ್ತು. ಮಳೆ ಬಂದಾಗ ಅದನ್ನು ಪರಸಿ ಕಲ್ಲಿನಿಂದ ಮುಚ್ಚಿದರೆ ಅದೇ ಒಲೆ, ಅದೇ ಕಟ್ಟಿಗೆ, ಆದರೂ ಮನೆ ತುಂಬಾ ಹೊಗೆ. ಫೆಬ್ರವರಿಯ ರಾತ್ರಿಗಳಲ್ಲಿ ಊರ ಮೇಲೂ ಹೀಗೇ ಆಗುತ್ತದೆ. ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಸಂಜೆ ಹಚ್ಚಿದ್ದು, ರಾತ್ರಿಯಿಡೀ ಒಳಗೊಳಗೇ ಸುಟ್ಟಿದ್ದು, ಎಲ್ಲದರ ಹೊಗೆ ಆ ಮುಚ್ಚಳದ ಕೆಳಗೆ, ಒಮ್ಮೊಮ್ಮೆ ನೂರಿನ್ನೂರು ಮೀಟರಿನೊಳಗೆ, ಸೇರಿಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲು ಏರಿ ನೆಲ ಕಾದು, ಕೆಳಗಿನ ಗಾಳಿ ಮೇಲೆದ್ದಾಗ ಬೆಳಕಿಂಡಿ ತೆರೆಯುತ್ತದೆ. ಅದೇ ಹತ್ತು ಹನ್ನೊಂದು ಗಂಟೆ.

ಮಧ್ಯಾಹ್ನ ಒಂದೂವರೆಗೆ ಉಪಗ್ರಹ ಬಂದಾಗ ಆ ಹೊಗೆ ಮೇಲೆ ಹರಡಿ ತೆಳುವಾಗಿರುತ್ತದೆ. ನಿಮ್ಮ ಅವ್ವ ಕೆಮ್ಮಿದ ಹೊತ್ತಿಗೂ ಚಿತ್ರದ ಹೊತ್ತಿಗೂ ಆರು ತಾಸಿನ ಅಂತರ. ಆದ್ದರಿಂದ ಮಧ್ಯಾಹ್ನದ ಚಿತ್ರದಲ್ಲಿ ಏನೂ ಕಾಣದಿದ್ದರೆ ‘ಉಪಗ್ರಹ ಸುಳ್ಳು ಹೇಳುತ್ತಿದೆ’ ಅನ್ನಬೇಡಿ. ಆ ದಿನದ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗಿನ ಇನ್ಸಾಟ್ ಚಿತ್ರ ನೋಡಿ. ನಾಸಾದ ‘ಟೆರಾ’ ಎಂಬ ಉಪಗ್ರಹ ಬೆಳಗಿನ ಹೊತ್ತೇ ದಾಟುತ್ತದೆ, ಅದನ್ನೂ ನೋಡಿ. 1999ರ ಡಿಸೆಂಬರಿನಲ್ಲಿ ಹೋದ ಮುದುಕ ಅದು. ಮೊದಲು ಹತ್ತೂವರೆಗೆ ಬರುತ್ತಿತ್ತು. ಇಂಧನ ತೀರುತ್ತ ಬಂದದ್ದರಿಂದ 2020ರ ಮೇಲೆ ಕಕ್ಷೆ ತಿದ್ದುವುದನ್ನು ನಿಲ್ಲಿಸಿದರು, ಹಾಗಾಗಿ ಸ್ವಲ್ಪ ಸ್ವಲ್ಪ ಬೇಗ ಬರತೊಡಗಿದೆ. ನಿಮ್ಮ ಕೆಲಸಕ್ಕೆ ಅದು ಒಳ್ಳೆಯದೇ ಆಯಿತು.

ನನ್ನ ಅಂದಾಜು ಕೇಳಿದರೆ, ಬೆಳಿಗ್ಗೆ ಮಾತ್ರ ಇದ್ದು ಹೊತ್ತೇರಿದಂತೆ ಕರಗುವ ಹೊಗೆ ಹೆಚ್ಚಾಗಿ ಹತ್ತಿರದ್ದು. ಸುತ್ತಲಿನ ಹತ್ತಿಪ್ಪತ್ತು ಕಿಲೋಮೀಟರಿನ ರವದಿ, ಕಸ, ಬದುವಿನ ಹುಲ್ಲು, ಹತ್ತಿರದ ಗುಡ್ಡ. ದೂರದ ಕಾಡ್ಗಿಚ್ಚಿನ ಹೊಗೆ ಮೇಲೆದ್ದು ಬಂದಿರುತ್ತದೆ, ಹೊತ್ತೇರಿ ಗಾಳಿ ಕಲಸಿದಾಗ ಕೆಳಗೆ ಇಳಿದು ಮಧ್ಯಾಹ್ನದ ಮೇಲೂ ಆಕಾಶವನ್ನು ಮಂಕಾಗಿಸುತ್ತದೆ, ಸೂರ್ಯ ಕೆಂಪಗೆ ಕಾಣುತ್ತಾನೆ. ಇದು ಅಂದಾಜು, ತೀರ್ಪಲ್ಲ. ಖಾನಾಪುರದ ಬೆಂಕಿ ರಾತ್ರಿಯಿಡೀ ಸುಟ್ಟು, ತಣ್ಣನೆಯ ಗಾಳಿಯ ಜೊತೆ ತಗ್ಗಿನಲ್ಲಿ ಹರಿದು ಬಂದಿರಲೂಬಹುದು.

ಅದನ್ನು ಪರೀಕ್ಷಿಸಲು ಗಾಳಿಯನ್ನು ಹಿಂದಕ್ಕೆ ಓಡಿಸಬೇಕು. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ‘ಹೈಸ್ಪ್ಲಿಟ್’ ಅಂತ ಒಂದು ಲೆಕ್ಕದ ಕಾರ್ಯಕ್ರಮ ಇದೆ. ಜಾಲದಲ್ಲೇ ಪುಕ್ಕಟೆ ಓಡಿಸಬಹುದು. ಬೆಳಗಾವಿಯ ಅಕ್ಷಾಂಶ, ರೇಖಾಂಶ, ದಿನ, ಹೊತ್ತು ಕೊಟ್ಟು ‘ಹಿಂದಕ್ಕೆ’ ಅಂತ ಒತ್ತಿದರೆ, ಈ ಗಾಳಿ ಕಳೆದ 12 ಅಥವಾ 24 ಗಂಟೆ ಎಲ್ಲೆಲ್ಲಿ ಸುತ್ತಿ ಬಂತು ಅಂತ ಗೆರೆ ಎಳೆದು ಕೊಡುತ್ತದೆ. ಹೊತ್ತು ಕೊಡುವಾಗ ಎಚ್ಚರ, ಅದು ಕೇಳುವುದು ಗ್ರೀನಿಚ್ ಸಮಯ. ನಮ್ಮ ಬೆಳಿಗ್ಗೆ ಏಳೂವರೆ ಅಂದರೆ ಅಲ್ಲಿ ರಾತ್ರಿ ಎರಡು. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಇಲ್ಲೇ ಎಡವುತ್ತಾರೆ. ಒಂದೇ ಎತ್ತರಕ್ಕೆ ಓಡಿಸಬೇಡಿ. 100 ಮೀಟರ್, 500 ಮೀಟರ್, 1500 ಮೀಟರ್, ಮೂರನ್ನೂ ಓಡಿಸಿ. ಮೂರು ಗೆರೆ ಮೂರು ದಿಕ್ಕಿಗೆ ಹೋದರೆ ಗಾಬರಿಯಾಗಬೇಡಿ, ಗಾಳಿ ಒಂದೊಂದು ಎತ್ತರದಲ್ಲಿ ಒಂದೊಂದು ಕಡೆ ಬೀಸುವುದು ಸಾಮಾನ್ಯ. ಗೆರೆ ಖಾನಾಪುರದ ಆ ಚುಕ್ಕಿಗಳ ಮೇಲೆ ಹಾದುಬಂದಿದ್ದರೆ ಕಾಡಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಗೋಕಾಕ, ಹುಕ್ಕೇರಿಯ ಕಡೆಯಿಂದ ಬಂದಿದ್ದರೆ ಕಬ್ಬಿನ ಕಡೆ ನೋಡಿ. ಆದರೆ ಈ ಲೆಕ್ಕಕ್ಕೆ ಬಳಸುವ ಗಾಳಿಯ ಮಾಹಿತಿ ಒರಟು, ಅದರ ಒಂದು ಚೌಕವೇ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಘಟ್ಟದ ಕಣಿವೆಯಲ್ಲಿ ರಾತ್ರಿ ಇಳಿಯುವ ಗಾಳಿ ಅದಕ್ಕೆ ಗೊತ್ತಿಲ್ಲ. ಗೆರೆಯನ್ನು ದಾರಿ ಅಂತ ತಿಳಿಯಿರಿ, ಹಳಿ ಅಂತ ಅಲ್ಲ.

ಎರಡು ಮೂರು ವಾರ ಬಿಟ್ಟು ಮಾಡಬಹುದಾದ ಒಂದು ಪತ್ತೇದಾರಿ ಕೆಲಸ ಇದೆ, ನನಗೆ ಎಲ್ಲಕ್ಕಿಂತ ನಂಬಿಕೆ ಅದರ ಮೇಲೆ. ಹೊಗೆ ಹೋಗುತ್ತದೆ, ಸುಟ್ಟ ಕಲೆ ಉಳಿಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆಯಾದರೂ ನಮ್ಮ ಮೇಲೆ ಹಾದುಹೋಗುತ್ತವೆ. ಅವುಗಳ ಪಿಕ್ಸೆಲ್ 10 ಮೀಟರಿನ ಚೌಕ, ಅಂದರೆ ಹೆಚ್ಚು ಕಮ್ಮಿ ಒಂದು ಗುಂಟೆ! ಈ ಹೊಂದಾಣಿಕೆ ಕಂಡಾಗಲೆಲ್ಲ ನನಗೆ ಸುಮ್ನೆ ಖುಷಿ. ಮೊದಲಿನ ಚಿತ್ರ, ಆಮೇಲಿನ ಚಿತ್ರ ಎರಡನ್ನೂ ‘ಕೋಪರ್ನಿಕಸ್ ಬ್ರೌಸರ್’ನಲ್ಲಿ ತೆಗೆದು ಅತಿಗೆಂಪು ಬಣ್ಣದಲ್ಲಿ ಹೋಲಿಸಿ. ಗುಡ್ಡದಲ್ಲಿ ಅಂಕುಡೊಂಕಾದ ದೊಡ್ಡ ಕಲೆ ಹೊಸದಾಗಿ ಮೂಡಿದ್ದರೆ ಕಾಡು ಸುಟ್ಟಿದೆ. ಬದುವಿನ ಗೆರೆಗೆ ಸರಿಯಾಗಿ ನಿಂತ ಚೌಕ ಚೌಕ ಕಲೆಗಳಿದ್ದರೆ ಅದು ಹೊಲ, ಬೆಂಕಿ ಹಚ್ಚಿದವರು ಬದು ದಾಟದಂತೆ ಕಾದಿದ್ದಾರೆ. ಎರೆಭೂಮಿಯಲ್ಲಿ ಮಾತ್ರ ಮೋಸಹೋಗಬೇಡಿ, ಹೊಸದಾಗಿ ನೇಗಿಲು ಹೊಡೆದ ಕಪ್ಪು ಹೊಲವೂ ಸುಟ್ಟ ಹೊಲದ ಹಾಗೇ ಕಾಣುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸುಟ್ಟಾಗಲೂ ಎಷ್ಟು ಕಾಡು ಹೋಯಿತು ಅನ್ನುವ ಲೆಕ್ಕ ಸಿಕ್ಕಿದ್ದು ಉಪಗ್ರಹಕ್ಕೆ ಕಂಡ ಈ ಸುಟ್ಟ ಕಲೆಯಿಂದಲೇ.

ಸಾವಿರಾರು ಕಿಲೋಮೀಟರ್ ದೂರದ ಹೊಗೆಯ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೂ ಎರಡು ಮಾತು. 2023ರ ಜೂನಿನಲ್ಲಿ ಕೆನಡಾದ ಕ್ವಿಬೆಕ್ ಕಾಡಿನ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಮಾಡಿತು. 2019-20ರ ಆಸ್ಟ್ರೇಲಿಯಾದ ಹೊಗೆ ಭೂಮಿಯನ್ನೇ ಸುತ್ತಿತು. ಅಷ್ಟು ದೂರ ಹೋದ ಹೊಗೆಗೆ ಬಾಲವೂ ಇಲ್ಲ, ಬಣ್ಣವೂ ಇಲ್ಲ. ಆಗ ಹೊಗೆಯ ಜೊತೆ ಹೊರಟ ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಹಿಂಬಾಲಿಸುತ್ತಾರೆ. ಅದು ವಾರಗಟ್ಟಲೆ ಗಾಳಿಯಲ್ಲಿ ಉಳಿಯುತ್ತದೆ. 2017ರಲ್ಲಿ ಹೋದ ಸೆಂಟಿನೆಲ್-5ಪಿ ಅದನ್ನು ದಿನಾ ಅಳೆಯುತ್ತದೆ. ಬೆಳಗಾವಿಯ ಬೆಳಗಿನ ಹೊಗೆಗೆ ಅಷ್ಟು ದೂರ ಹೋಗಬೇಕಿಲ್ಲ.

ಈಗ ಮೂರನೆಯ ಪ್ರಶ್ನೆ, ಅವ್ವನದು. ಉಪಗ್ರಹ ಮೇಲಿನಿಂದ ಕೆಳಗಿನವರೆಗೆ ಇಡೀ ಗಾಳಿಯ ಕಂಬವನ್ನು ಒಟ್ಟಿಗೆ ನೋಡುತ್ತದೆ. ಹೊಗೆ ಮೂರು ಕಿಲೋಮೀಟರ್ ಮೇಲಿದ್ದರೂ ಒಂದೇ, ಓಣಿಯಲ್ಲಿದ್ದರೂ ಒಂದೇ. ಚಿತ್ರದಲ್ಲಿ ದಟ್ಟವಾಗಿ ಕಂಡ ಹೊಗೆ ನಿಮ್ಮ ತಲೆಯ ಮೇಲೆ ಸುಮ್ಮನೆ ಹಾದುಹೋಗಿರಬಹುದು. ಚಿತ್ರದಲ್ಲಿ ಕಾಣದ ಹೊಗೆ ಮೂಗಿನ ಮಟ್ಟದಲ್ಲಿ ಕೂತಿರಬಹುದು. ನಿಮ್ಮ ವಿಷಯದಲ್ಲಿ ಎರಡನೆಯದೇ ಆಗಿರುವ ಸಂಭವ ಜಾಸ್ತಿ. ಇದಕ್ಕೆ ನೆಲದ ಯಂತ್ರವೇ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಬೆಳಗಾವಿಯಲ್ಲಿ ರಾಮತೀರ್ಥ ನಗರದಲ್ಲಿದೆ, ಬಾಗಲಕೋಟೆಯಲ್ಲಿ ವಿದ್ಯಾಗಿರಿಯಲ್ಲಿದೆ, ವಿಜಯಪುರದಲ್ಲಿ ಇಬ್ರಾಹಿಂಪುರದಲ್ಲಿದೆ. ಅಂಕಿ ‘ಸಮೀರ್’ ಆ್ಯಪಿನಲ್ಲಿ ಬರುತ್ತದೆ. ನೋಡಬೇಕಾದ್ದು ಪಿಎಂ 2.5, ಅಂದರೆ ಗಾಳಿಯಲ್ಲಿರುವ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ ಅಳತೆ. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಸರಾಸರಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ತಾಸು ತಾಸಿನ ಅಂಕಿ ನೋಡಿ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಏರಿ ಹನ್ನೊಂದಕ್ಕೆ ಇಳಿದಿದ್ದರೆ ನಾನು ಹೇಳಿದ ಬೆಳಕಿಂಡಿಯ ಕತೆ ನಿಮ್ಮ ಊರಿನದೇ.

ಅಂಥ ದಿನ ಅವ್ವನನ್ನು ಬೆಳಗಿನ ವಾಕಿಂಗಿಗೆ, ಗುಡಿಗೆ ಕಳಿಸಬೇಡಿ. ಹನ್ನೊಂದರ ಮೇಲೆ ಹೋಗಲಿ. ಬೆಳಿಗ್ಗೆ ಕಿಟಕಿ ಮುಚ್ಚಿ, ಹೊತ್ತೇರಿದ ಮೇಲೆ ತೆರೆಯಿರಿ. ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್, ಸೀರೆಯ ಸೆರಗು ಇಷ್ಟು ಸಣ್ಣ ಕಣವನ್ನು ತಡೆಯುವುದಿಲ್ಲ. ಇನ್ಹೇಲರ್ ಎಷ್ಟು ಹೊತ್ತಿಗೆ ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ಕಾಡಿನ ಹತ್ತಿರದ ಹಳ್ಳಿಯಲ್ಲಿ ನೆಂಟರಿದ್ದರೆ ಇದನ್ನೂ ಹೇಳಿ: ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ‘ವನ್ ಅಗ್ನಿ’ ತಾಣದಲ್ಲಿ ಹೆಸರು ನೋಂದಾಯಿಸಿದರೆ, ಅವರ ಭಾಗದ ಕಾಡಿನಲ್ಲಿ ಚುಕ್ಕಿ ಬಿದ್ದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ. ಹೋಗಿ ನೋಡುವವರಿಗೆ ಅದು ಉಪಯೋಗ.

ನೀವು ಪತ್ರದಲ್ಲಿ ತಾರೀಕು ಬರೆದಿಲ್ಲ. ಆ ಎರಡು ದಿನದ ತಾರೀಕು, ವಾಸನೆ ಮೊದಲು ಬಂದ ಹೊತ್ತು, ಆಗ ಗಾಳಿ ಯಾವ ಕಡೆಯಿಂದ ಇತ್ತು (ಗುಡಿಯ ಧ್ವಜ ಎತ್ತ ಹಾರುತ್ತಿತ್ತು ಅಂತ ನೆನಪಿದ್ದರೂ ಸಾಕು), ವಾಸನೆ ಹುಲ್ಲಿನದೋ ಸಿಹಿ ಬೆರೆತ ಕಬ್ಬಿನದೋ, ಇಷ್ಟು ಬರೆದು ಕಳಿಸಿ. ಬೆಳಗಿನ ಇನ್ಸಾಟ್ ಚಿತ್ರಗಳನ್ನೂ ಆ ತಿಂಗಳ ಸುಟ್ಟ ಕಲೆಗಳನ್ನೂ ತೆಗೆದು ನೋಡಿ ಮತ್ತೆ ಬರೆಯುತ್ತೇನೆ.